ಗೇಮ್‌ಗೆ ಬೆಲೆ ಕಟ್ಟಬೇಕಾ, ‘ನೀವು ಕೊಟ್ಟದ್ದು’ ಅನ್ನಬೇಕಾ?

ಪ್ರಶ್ನೆ: ಸರ್, ನಾವು ಮೂವರು ಗೆಳೆಯರು, ಉಡುಪಿಯವರು. ಕೆಲಸದ ನಡುವೆ ಎರಡು ವರ್ಷ ಕೂತು ಕಂಪ್ಯೂಟರ್‌ನಲ್ಲಿ ಆಡುವ ಒಂದು ಗೇಮ್ ಮಾಡಿದ್ದೇವೆ. ಮಲ್ಪೆಯಂಥ ಒಂದು ಬಂದರಿನಿಂದ ಮೀನುಗಾರಿಕೆ ಬೋಟ್ ತೆಗೆದುಕೊಂಡು ಕಡಲಿಗೆ ಹೋಗಿ ಬರುವ ಆಟ. ಕನ್ನಡ, ತುಳು, ಇಂಗ್ಲಿಷ್ ಮೂರರಲ್ಲೂ ಆಡಬಹುದು. ಮುಗಿಸಲು ನಾಲ್ಕೈದು ಗಂಟೆ ಬೇಕು. 499 ರೂಪಾಯಿ ಇಡೋಣ ಅಂತ ನಾನು. ಬೆಲೆಯೇ ಬೇಡ, ಆಡುವವರು ಇಷ್ಟ ಬಂದಷ್ಟು ಕೊಡಲಿ, ದುಡ್ಡಿಲ್ಲದ ಮಕ್ಕಳೂ ಆಡಲಿ ಅಂತ ನನ್ನ ಗೆಳತಿ. ಮೂರನೆಯವನು ಇಬ್ಬರಿಗೂ ಹೌದು ಅನ್ನುತ್ತಾನೆ. ಯಾವುದು ಸರಿ?

ಉತ್ತರ: ಬೆಲೆ ಇಡಿ. 499 ಸರಿಯಾದ ಬೆಲೆಯೇ. ಆದರೆ ನಿಮ್ಮ ಗೆಳತಿಯ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುವ ದಾರಿಗೂ ನಿಮ್ಮ ಲೆಕ್ಕದಲ್ಲಿ ಜಾಗ ಇದೆ. ಅದು ಮೊದಲ ದಿನ ಅಲ್ಲ, ಅಷ್ಟೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಾನು ಮಂಗಳೂರಿನಲ್ಲಿ ಕೂತು ಸಣ್ಣ ಗೇಮ್‌ಗಳನ್ನು ಮಾಡುವವನು. ನೀವು ಈಗ ನಿಂತ ಜಾಗದಲ್ಲಿ ಒಮ್ಮೆ ನಿಂತು ತಪ್ಪು ಕಡೆ ತಿರುಗಿದವನು.

ನಮ್ಮ ಕಡೆ ಬಾವಿಯ ಪಂಪು ಕೆಟ್ಟರೆ ರಿಪೇರಿಗೆ ಒಬ್ಬರು ಬರುತ್ತಾರೆ. ಗಂಟೆಗಟ್ಟಲೆ ಬಗ್ಗಿ ಕೆಲಸ ಮಾಡುತ್ತಾರೆ. ‘ಎಷ್ಟಾಯ್ತು?’ ಅಂತ ಕೇಳಿದರೆ ‘ಅದು ನೀವು ಕೊಟ್ಟದ್ದು’ ಅನ್ನುತ್ತಾರೆ. ಆಗ ನಮ್ಮ ಕೈ ಜೇಬಿನಲ್ಲೇ ನಿಂತುಬಿಡುತ್ತದೆ. ಇನ್ನೂರು ಕೊಟ್ಟರೆ ಕಡಿಮೆ ಆಯಿತಾ? ಐನೂರು ಕೊಟ್ಟರೆ ಜಾಸ್ತಿ ಆಯಿತಾ? ಒಳಗೆ ಹೋಗಿ ಮನೆಯವರನ್ನು ಕೇಳಿಕೊಂಡು ಬರುತ್ತೇವೆ. ಮುಂದಿನ ಸಲ ಪಂಪು ಕೆಟ್ಟಾಗ ದರ ಹೇಳುವ ಇನ್ನೊಬ್ಬರನ್ನು ಕರೆಯುವುದೂ ಉಂಟು. ಇವರ ಕೆಲಸ ಚೆನ್ನಾಗಿರಲಿಲ್ಲ ಅಂತಲ್ಲ. ಲೆಕ್ಕ ಹಾಕುವ ಹೊರೆ ನಮ್ಮ ತಲೆಗೆ ಬಂದಿತ್ತು, ಅದು ಯಾರಿಗೂ ಇಷ್ಟವಿಲ್ಲ.

ಗೇಮ್‌ನಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಪಂಪಿನವರು ಕೆಲಸ ಮುಗಿಸಿದ ಮೇಲೆ ನಾವು ದುಡ್ಡು ಕೊಡುತ್ತೇವೆ. ನೀರು ಬಂದದ್ದು ಕಣ್ಣಿಗೆ ಕಾಣುತ್ತದೆ. ನಿಮ್ಮ ಗೇಮ್ ತೆಗೆದುಕೊಳ್ಳುವವನು ಇನ್ನೂ ಆಡಿಯೇ ಇಲ್ಲ. ಅವನ ಮುಂದೆ ಒಂದು ಖಾಲಿ ಚೌಕ ಇಟ್ಟು ‘ಎಷ್ಟು ಕೊಡುತ್ತೀರಿ?’ ಅಂದರೆ ಅವನು ಏನನ್ನು ನೋಡಿ ಹೇಳಬೇಕು?

ನನ್ನ ಮೊದಲ ಗೇಮ್ ಒಂದು ಒಗಟಿನ ಆಟ. ಅದನ್ನು ಮೊದಲ ದಿನದಿಂದಲೇ ಹಾಗೆ ಬಿಟ್ಟಿದ್ದೆ. ಸೊನ್ನೆಯಿಂದ ಶುರು, ಮನಸ್ಸಿದ್ದಷ್ಟು ಕೊಡಿ ಅಂತ. ಆರುನೂರು ಚಿಲ್ಲರೆ ಜನ ಇಳಿಸಿಕೊಂಡರು. ದುಡ್ಡು ಕೊಟ್ಟವರು ಹನ್ನೊಂದು ಜನ. ದುಡ್ಡು ಬರಲಿಲ್ಲ ಅನ್ನುವುದಕ್ಕಿಂತ ಬೇರೆ ಒಂದು ವಿಷಯ ನನಗೆ ನೋವು ಕೊಟ್ಟಿತು. ಆರುನೂರರಲ್ಲಿ ಹೆಚ್ಚಿನವರು ಅದನ್ನು ತೆರೆದೂ ನೋಡಿರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ‘ಆಮೇಲೆ ನೋಡೋಣ’ ಅಂತ ಇಟ್ಟುಬಿಡುತ್ತೇವೆ ಅಲ್ವಾ, ಹಾಗೆ. ಆರು ತಿಂಗಳ ನಂತರ ಬೆಲೆ ಇಡೋಣ ಅಂದರೆ, ಮೊದಲು ಪುಕ್ಕಟೆ ಇದ್ದದ್ದಕ್ಕೆ ಈಗೇಕೆ ದುಡ್ಡು ಅಂತ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ.

ಈಗ ಹೊರಗಿನ ಅನುಭವ ನೋಡೋಣ. ಈ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ ‘ವರ್ಲ್ಡ್ ಆಫ್ ಗೂ’. ‘2ಡಿ ಬಾಯ್’ ಅನ್ನುವ ಇಬ್ಬರ ತಂಡದ ಗೇಮ್ ಅದು. ಬಿಡುಗಡೆಯಾದದ್ದು 2008ರಲ್ಲಿ, ಬೆಲೆ 20 ಡಾಲರ್. ಒಂದು ವರ್ಷ ತುಂಬಿದ ಖುಷಿಗೆ 2009ರ ಅಕ್ಟೋಬರ್‌ನಲ್ಲಿ ಕೆಲವು ದಿನ ‘ಎಷ್ಟು ಬೇಕಾದರೂ ಕೊಡಿ’ ಅಂದರು. ಒಂದೇ ವಾರದಲ್ಲಿ ಸುಮಾರು 57,000 ಜನ ತೆಗೆದುಕೊಂಡರು. ಸರಾಸರಿ ಬಂದದ್ದು ಎರಡು ಡಾಲರ್ ಮೂರು ಸೆಂಟ್. ಎಲ್ಲಕ್ಕಿಂತ ಜಾಸ್ತಿ ಜನ ಆರಿಸಿಕೊಂಡ ಮೊತ್ತ ಒಂದೇ ಒಂದು ಸೆಂಟ್. ಆ ಒಂದು ಸೆಂಟ್ ಮಾಡಿದವರ ಕೈಗೂ ಬರುವುದಿಲ್ಲ, ಹಣ ಸಾಗಿಸುವ ಕಂಪನಿಯ ಶುಲ್ಕಕ್ಕೇ ಹೋಗುತ್ತದೆ.

ಹಾಗಾದರೆ ಅವರಿಗೆ ನಷ್ಟವಾಯಿತಾ? ಇಲ್ಲ. ಒಂದು ವಾರದಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಅದೇ ವಾರ ಬೇರೆ ಅಂಗಡಿಗಳಲ್ಲಿ ಪೂರ್ತಿ ಬೆಲೆಯ ಮಾರಾಟವೂ ಏರಿತು. ಆದರೆ ಇದನ್ನು ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಆ ಗೇಮ್ ಆಗಲೇ ಒಂದು ವರ್ಷ ಪೂರ್ತಿ ಬೆಲೆಗೆ ಮಾರಾಟವಾಗಿತ್ತು. ಅದು ಒಳ್ಳೆಯ ಗೇಮ್, 20 ಡಾಲರ್‌ನದು ಅಂತ ಎಲ್ಲರಿಗೂ ಗೊತ್ತಿತ್ತು. ಬೆಲೆ ಮೊದಲು ಮನಸ್ಸಿನಲ್ಲಿ ಕೂತಿತ್ತು, ರಿಯಾಯಿತಿ ಆಮೇಲೆ ಬಂತು. ನಿಮ್ಮ ಬೋಟ್ ಇನ್ನೂ ದಕ್ಕೆಯಿಂದ ಹೊರಟಿಲ್ಲ.

ಅದರ ಮರುವರ್ಷ, 2010ರ ಮೇ ತಿಂಗಳಲ್ಲಿ, ‘ಹಂಬಲ್ ಇಂಡೀ ಬಂಡಲ್’ ಬಂತು. ವುಲ್ಫೈರ್ ಅನ್ನುವ ಸಣ್ಣ ಕಂಪನಿ ಹಲವು ಗೇಮ್‌ಗಳನ್ನು ಒಂದು ಕಟ್ಟಿನಲ್ಲಿ ಕಟ್ಟಿ ‘ಮನಸ್ಸಿಗೆ ಬಂದ ಬೆಲೆ’ ಅಂದಿತು. ವರ್ಲ್ಡ್ ಆಫ್ ಗೂ ಅದರಲ್ಲೂ ಇತ್ತು. ಸುಮಾರು 1.38 ಲಕ್ಷ ಜನ ಕೊಂಡರು. ಒಟ್ಟು ಬಂದದ್ದು 12 ಲಕ್ಷ ಡಾಲರ್‌ಗೂ ಜಾಸ್ತಿ. ಸರಾಸರಿ ಒಂಬತ್ತು ಡಾಲರ್. ಅಲ್ಲಿ ಎರಡು, ಇಲ್ಲಿ ಒಂಬತ್ತು. ಈ ವ್ಯತ್ಯಾಸವನ್ನು ನಾನು ಬಹಳ ದಿನ ಯೋಚಿಸಿದ್ದೇನೆ.

ಗೇಮ್‌ಗಳು ಜಾಸ್ತಿ ಇದ್ದವು, ನಿಜ. ಆದರೆ ಅದಷ್ಟೇ ಅಲ್ಲ. ಕೊಟ್ಟ ಹಣ ಯಾರಿಗೆಷ್ಟು ಹೋಗಬೇಕು ಅಂತ ಕೊಳ್ಳುವವನೇ ಹಂಚಬಹುದಿತ್ತು. ಮಾಡಿದವರಿಗೆ ಇಷ್ಟು, ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಕೊಡುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ ಇಷ್ಟು ಅಂತ. ಸರಾಸರಿ ಎಷ್ಟು ಬರುತ್ತಿದೆ, ಜಾಸ್ತಿ ಕೊಟ್ಟವರು ಯಾರು ಅನ್ನುವುದು ಪುಟದ ಮೇಲೇ ಕಾಣುತ್ತಿತ್ತು. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣಮಠದ ಪರ್ಯಾಯಕ್ಕೆ ಊರೂರಿನವರು ಕಳಿಸುವ ಅಕ್ಕಿ-ತರಕಾರಿಯ ಹೊರೆಕಾಣಿಕೆ ನೆನಪಿಸಿಕೊಳ್ಳಿ. ಯಾರೂ ಇಷ್ಟೇ ಕೊಡಿ ಅಂತ ಹೇಳುವುದಿಲ್ಲ. ಆದರೆ ಊರಿನ ಹೆಸರು ಕಟ್ಟಿದ ವಾಹನ ಮೆರವಣಿಗೆಯಲ್ಲಿ ಹೋಗುತ್ತದೆ. ಪಕ್ಕದ ಊರಿನಿಂದ ಎಷ್ಟು ಹೋಯಿತು ಅಂತ ಎಲ್ಲರಿಗೂ ಕಾಣುತ್ತದೆ. ಎಲ್ಲರೂ ನೋಡುವಾಗ ಕೊಡುವ ಕೈ ದೊಡ್ಡದಾಗುತ್ತದೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ.

ಇನ್ನೊಂದು ಸಂಗತಿ ನಿಮಗೆ ಬಹಳ ಮುಖ್ಯ. ಆ ಬಂಡಲ್‌ಗೆ, ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ವ್ಯವಸ್ಥೆ ಬಳಸುವವರು ವಿಂಡೋಸ್‌ನವರಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಕೊಟ್ಟರು. ಅವರು ಶ್ರೀಮಂತರು ಅಂತಲ್ಲ. ಆಗ ಲಿನಕ್ಸ್‌ಗೆ ಒಳ್ಳೆಯ ಗೇಮ್ ಸಿಗುವುದೇ ಅಪರೂಪ. ‘ನಮ್ಮನ್ನೂ ಲೆಕ್ಕಕ್ಕೆ ಹಿಡಿದರಲ್ಲ’ ಅನ್ನುವ ಸಂತೋಷ ಅದು ಅಂತ ನನ್ನ ನಂಬಿಕೆ. ನಿಮ್ಮ ಗೇಮ್ ತುಳುವಿನಲ್ಲಿ ಮಾತಾಡುತ್ತದೆ. ಮುಂಬೈಯಲ್ಲಿ, ದುಬೈಯಲ್ಲಿ, ಮಸ್ಕತ್‌ನಲ್ಲಿ ಇರುವ ನಮ್ಮವರು ಬೋಟ್ ನಡೆಸುವ ತಂಡೇಲ ತುಳುವಿನಲ್ಲಿ ಕೂಗುವುದನ್ನು ಕಂಪ್ಯೂಟರಿನಲ್ಲಿ ಕೇಳಿದ್ದಾರಾ? ನಿಮ್ಮ ಲಿನಕ್ಸ್‌ನವರು ಅವರೇ. 499 ಅಂತ ಬರೆದಿದ್ದರೂ ಅವರಲ್ಲಿ ಕೆಲವರು ಸಾವಿರ ಕೊಡಲು ತಯಾರಿರುತ್ತಾರೆ. ಅವರಿಗೆ ಜಾಸ್ತಿ ಕೊಡುವ ದಾರಿ ತೆರೆದಿಡಿ. ಅದಕ್ಕಾಗಿ ಬೆಲೆಯನ್ನೇ ತೆಗೆದುಹಾಕಬೇಕಾಗಿಲ್ಲ.

ಇದೇ ಹಂಬಲ್‌ನವರು ಮುಂದೆ ಏನು ಮಾಡಿದರು ನೋಡಿ. ಎರಡನೇ ಬಂಡಲ್‌ನಲ್ಲಿ ಸರಾಸರಿಗಿಂತ ಜಾಸ್ತಿ ಕೊಟ್ಟವರಿಗೆ ಮಾತ್ರ ಇನ್ನಷ್ಟು ಗೇಮ್ ಅಂದರು. 2011ರ ಕೊನೆಗೆ, ಸ್ಟೀಮ್ ಅನ್ನುವ ದೊಡ್ಡ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮ್ ಪಡೆಯುವ ಕೀ, ಅಂದರೆ ಸಂಕೇತ, ಬೇಕಾದರೆ ಕನಿಷ್ಠ ಒಂದು ಡಾಲರ್ ಕೊಡಲೇಬೇಕು ಅಂದರು. ಒಂದೊಂದು ಸೆಂಟ್ ಕೊಟ್ಟು ಕೀಗಳನ್ನು ರಾಶಿ ಹಾಕುವವರು ಶುರುವಾಗಿದ್ದರು. ಇಷ್ಟ ಬಂದಷ್ಟು ಕೊಡಿ ಅನ್ನುವುದನ್ನು ಗೇಮ್ ಲೋಕದಲ್ಲಿ ಜನಪ್ರಿಯ ಮಾಡಿದವರೇ ಒಂದೊಂದಾಗಿ ಮೆಟ್ಟಿಲು ಕಟ್ಟಿದರು.

ಮೊದಲ ಬಂಡಲ್ ನಡೆಯುವಾಗಲೇ ಇನ್ನೊಂದು ವಿಷಯ ಹೊರಬಂದಿತ್ತು. ಡೌನ್‌ಲೋಡ್‌ಗಳಲ್ಲಿ ಸುಮಾರು ಕಾಲು ಭಾಗ ದುಡ್ಡೇ ಕೊಡದೆ ಕದ್ದದ್ದು ಅಂತ ವುಲ್ಫೈರ್ ಅಂದಾಜು ಮಾಡಿತು. ಒಂದು ಸೆಂಟ್ ಸಾಕಿದ್ದಾಗಲೂ! ಕೆಲವರಿಗೆ ಕಾರ್ಡ್ ಇರಲಿಲ್ಲ, ಕೆಲವರಿಗೆ ಅದನ್ನು ತುಂಬಿಸುವ ಉದಾಸೀನ. ಆದ್ದರಿಂದ ಬೆಲೆ ತೆಗೆದರೆ ಕಳ್ಳತನ ನಿಲ್ಲುತ್ತದೆ ಅನ್ನುವ ವಾದವನ್ನು ನಿಮ್ಮ ಚರ್ಚೆಯಿಂದ ಬಿಟ್ಟುಬಿಡಿ.

ಇದರ ಹಿಂದಿನ ಮನಸ್ಸಿನ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಇದೆ. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು. ಒಂದು ಮನರಂಜನಾ ಪಾರ್ಕ್‌ನಲ್ಲಿ, ರೈಡ್‌ನಲ್ಲಿ ಕೂತಾಗ ತೆಗೆದ ಫೋಟೋವನ್ನು ಬೇರೆ ಬೇರೆ ರೀತಿಯಲ್ಲಿ ಮಾರಿ ನೋಡಿದರು. ಒಂದು ಲಕ್ಷಕ್ಕಿಂತ ಜಾಸ್ತಿ ಜನರ ಮೇಲೆ. 12.95 ಡಾಲರ್ ಅಂತ ಬೆಲೆ ಇಟ್ಟಾಗ ಕೊಂಡವರು ಇನ್ನೂರಕ್ಕೆ ಒಬ್ಬರು. ಇಷ್ಟ ಬಂದಷ್ಟು ಕೊಡಿ ಅಂದಾಗ ನೂರಕ್ಕೆ ಎಂಟು ಜನ ಕೊಂಡರು, ಆದರೆ ಸರಾಸರಿ ಒಂದು ಡಾಲರ್‌ಗೂ ಕಡಿಮೆ ಕೊಟ್ಟರು. ಮೂರನೆಯ ರೀತಿಯಲ್ಲಿ, ಇಷ್ಟ ಬಂದಷ್ಟು ಕೊಡಿ, ಅರ್ಧ ಧರ್ಮಕಾರ್ಯಕ್ಕೆ ಹೋಗುತ್ತದೆ ಅಂದರು. ಆಗ ಕೊಂಡವರು ನೂರಕ್ಕೆ ನಾಲ್ಕೈದು ಜನಕ್ಕೆ ಇಳಿದರು, ಆದರೆ ಕೊಟ್ಟದ್ದು ಐದು ಡಾಲರ್‌ಗೂ ಜಾಸ್ತಿ. ಅರ್ಧ ಹೊರಗೆ ಕೊಟ್ಟ ಮೇಲೂ ಮಾರುವವರಿಗೆ ಉಳಿದದ್ದು ಮೂರರಲ್ಲಿ ಇದರಲ್ಲೇ ಜಾಸ್ತಿ.

ಗಣೇಶೋತ್ಸವದ ಏಲಂನಲ್ಲಿ ಒಂದು ಹಣ್ಣು ಸಾವಿರಾರು ರೂಪಾಯಿಗೆ ಹೋಗುವುದನ್ನು ನೋಡಿದವರು ನಾವು. ಅಲ್ಲಿ ಹಣ್ಣಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆದರೆ ಆ ಅಧ್ಯಯನದಲ್ಲಿ ನನಗೆ ಜಾಸ್ತಿ ಕಾಡಿದ್ದು ಹಿಂದೆ ಸರಿದವರು. ಎರಡನೆಯ ರೀತಿಯಲ್ಲಿ ನೂರಕ್ಕೆ ಎಂಟು ಜನ ಕೊಂಡಿದ್ದರಲ್ಲ, ಅಂಥವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಮೂರನೆಯದರಲ್ಲಿ ಕೊಳ್ಳಲೇ ಇಲ್ಲ. ಕಡಿಮೆ ಕೊಟ್ಟು ಸಣ್ಣವರಾಗುವುದಕ್ಕಿಂತ ತೆಗೆದುಕೊಳ್ಳದೇ ಇರುವುದು ವಾಸಿ ಅನಿಸಿತು ಅವರಿಗೆ. ನಿಮ್ಮ ಗೆಳತಿ ಯಾರಿಗಾಗಿ ಬೆಲೆ ಬೇಡ ಅನ್ನುತ್ತಿದ್ದಾರೋ, ಆ ಕೈಯಲ್ಲಿ ದುಡ್ಡಿಲ್ಲದ ಮರ್ಯಾದಸ್ಥ ಹುಡುಗನೇ ‘ನಾನು ಹತ್ತು ರೂಪಾಯಿ ಕೊಟ್ಟರೆ ಏನಂದುಕೊಳ್ಳುತ್ತಾರೋ’ ಅಂತ ಹಿಂದೆ ಸರಿಯಬಹುದು. ಅವನಿಗೆ ಬೇರೆ ಬಾಗಿಲು ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಅಭಿಮಾನಿಗಳ ಪ್ರೀತಿಯಿಂದಲೇ ಬದುಕಬಹುದಲ್ವಾ ಅಂತ ನೀವು ಕೇಳಬಹುದು. ‘ಡ್ವಾರ್ಫ್ ಫೋರ್ಟ್ರೆಸ್’ ಮಾಡಿದ ಆಡಮ್ಸ್ ಅಣ್ಣತಮ್ಮಂದಿರು ಹಾಗೆ ಬದುಕಿದವರು. 2006ರಿಂದ ಗೇಮ್ ಪುಕ್ಕಟೆ. ಇಷ್ಟಪಟ್ಟವರು ಕಳಿಸಿದ ದುಡ್ಡಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದರು. ಅಂಥ ಅಭಿಮಾನಿಗಳು ಬಹಳ ಕಡಿಮೆ ಗೇಮ್‌ಗಳಿಗೆ ಸಿಗುತ್ತಾರೆ. ಆದರೂ ಮನೆಯಲ್ಲಿ ಕಾಯಿಲೆ ಬಂದಾಗ, ಆಸ್ಪತ್ರೆಯ ಖರ್ಚು ಎದುರು ನಿಂತಾಗ, ಈ ಆದಾಯ ನೆಚ್ಚಿಕೊಳ್ಳುವಂಥದ್ದಲ್ಲ ಅಂತ ಅವರಿಗೆ ಅನಿಸಿತು. 2022ರ ಡಿಸೆಂಬರ್‌ನಲ್ಲಿ ಚಿತ್ರ, ಸಂಗೀತ ಸೇರಿಸಿ ಸ್ಟೀಮ್‌ನಲ್ಲಿ 29.99 ಡಾಲರ್‌ಗೆ ಇಟ್ಟರು. ಒಂದು ತಿಂಗಳೊಳಗೆ ಐದು ಲಕ್ಷದ ಹತ್ತಿರ ಪ್ರತಿ ಹೋದವು. ಹಳೆಯ ರೂಪ ಈಗಲೂ ಅವರ ತಾಣದಲ್ಲಿ ಪುಕ್ಕಟೆ ಇದೆ. ಕೊಡುವ ಮನಸ್ಸು ಆ ಜನರಲ್ಲಿ ಅಷ್ಟು ವರ್ಷವೂ ಇತ್ತು. ಇಷ್ಟು ಕೊಡಿ ಅಂತ ಯಾರೂ ಕೇಳಿರಲಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಸ್ಟೀಮ್‌ನಲ್ಲಿ 499 ಅಂತ ಇಟ್ಟರೆ ಅದರಲ್ಲೇ 18 ಶೇಕಡಾ ಜಿಎಸ್‌ಟಿ ಸೇರಿರುತ್ತದೆ. ಅದು ಹೋದರೆ ಸುಮಾರು 423. ಅದರಲ್ಲಿ 30 ಶೇಕಡಾ ಸ್ಟೀಮ್‌ನ ಪಾಲು. ನಿಮ್ಮ ಕೈಗೆ ಸಿಗುವುದು ಹತ್ತಿರಹತ್ತಿರ 296. ಮೂರು ಜನ, ಎರಡು ವರ್ಷ. ತಲೆಗೆ ತಿಂಗಳಿಗೆ ಬರೀ 20,000 ಅಂತ ಹಿಡಿದರೂ ನಿಮ್ಮ ದುಡಿಮೆ 14.4 ಲಕ್ಷ. ಅದು ವಾಪಸ್ ಬರಲು ಸುಮಾರು 4,900 ಪ್ರತಿ ಹೋಗಬೇಕು. ಕಷ್ಟ, ಆದರೆ ಕನಸು ಅಲ್ಲ.

ಇಷ್ಟ ಬಂದಷ್ಟು ಅಂತ ಬಿಟ್ಟರೆ? ವರ್ಲ್ಡ್ ಆಫ್ ಗೂಗೆ ಬಂದ ಹಾಗೆ ಹತ್ತರಲ್ಲಿ ಒಂದು ಪಾಲು ಬಂತು ಅನ್ನೋಣ, ಅಂದರೆ ಐವತ್ತು ರೂಪಾಯಿ. ಯಾರೂ ಏನೂ ಕಡಿತ ಮಾಡದಿದ್ದರೂ 28,800 ಜನ ಬೇಕು. ಹೊರದೇಶದ ತಾಣದಲ್ಲಿ ಡಾಲರ್ ಲೆಕ್ಕದಲ್ಲಿ ತೆಗೆದುಕೊಂಡರೆ ಒಂದೊಂದು ಪಾವತಿಗೂ ಸುಮಾರು ಮೂವತ್ತು ಸೆಂಟ್ ಶುಲ್ಕ ಬೀಳುತ್ತದೆ. ಐವತ್ತು ರೂಪಾಯಿಯಲ್ಲಿ ಅರ್ಧ ಅಲ್ಲೇ ಹೋಯಿತು. ಯುಪಿಐನಲ್ಲಿ 2020ರ ಜನವರಿಯಿಂದ ಎಂಡಿಆರ್, ಅಂದರೆ ಪಾವತಿಗೆ ಮಾರುವವರಿಂದ ಹಿಡಿಯುವ ಶುಲ್ಕ, ಇಲ್ಲ. ಸಣ್ಣ ಮೊತ್ತಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ನಿಮ್ಮದೇ ಪುಟ ಮಾಡಬೇಕು, ಪಾವತಿ ನಡೆಸಿಕೊಡುವ ಗೇಟ್‌ವೇಯವರು ತಮ್ಮ ಸೇವೆಗೆ ಏನಾದರೂ ತೆಗೆದುಕೊಳ್ಳಬಹುದು. ಹೊರದೇಶದ ಗಿರಾಕಿಗೆ ಅದು ಸುಲಭವೂ ಅಲ್ಲ.

ನಮ್ಮೂರಿನ ಯಕ್ಷಗಾನ ಈ ಪ್ರಶ್ನೆಯನ್ನು ಎಷ್ಟೋ ಹಿಂದೆಯೇ ಎದುರಿಸಿದೆ. ಡೇರೆ ಮೇಳದ್ದು ಟಿಕೆಟ್ ಆಟ. ಇಷ್ಟು ಕೊಟ್ಟರೆ ನೆಲ, ಇಷ್ಟು ಕೊಟ್ಟರೆ ಕುರ್ಚಿ. ಕಟೀಲಿನಂಥ ಮೇಳಗಳದ್ದು ಹರಕೆಯ ಬಯಲಾಟ. ಗದ್ದೆಯಲ್ಲಿ ರಂಗಸ್ಥಳ, ಯಾರು ಬೇಕಾದರೂ ಬಂದು ಬೆಳಗಿನ ತನಕ ಕೂರಬಹುದು, ಟಿಕೆಟ್ ಇಲ್ಲ. ಆದರೆ ಬಯಲಾಟ ಪುಕ್ಕಟೆ ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಆ ರಾತ್ರಿಯ ಪೂರ್ತಿ ಖರ್ಚನ್ನು ಸೇವಾಕರ್ತರ ಮನೆಯವರು ಕೊಟ್ಟಿದ್ದಾರೆ. ಆಟಕ್ಕೆ ನಿಗದಿಯಾದ ದರ ಇದೆ, ದಿನಾಂಕಕ್ಕಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಭಾಗವತರಿಂದ ಹಿಡಿದು ಚೌಕಿಯಲ್ಲಿ ವೇಷಕ್ಕೆ ಸಹಾಯ ಮಾಡುವವರ ತನಕ ಎಲ್ಲರಿಗೂ ಸಂಬಳ ಇದೆ. ಎರಡೂ ಕಡೆ ಕಲಾವಿದರ ಊಟಕ್ಕೆ ‘ನೋಡಿದವರು ಕೊಟ್ಟರೆ ಕೊಡಲಿ’ ಅಂತ ಬಿಟ್ಟಿಲ್ಲ.

ನಿಮ್ಮ ಗೆಳತಿಗೆ ಬೇಕಾದದ್ದು ಈ ಹರಕೆ ಆಟ. ಅದನ್ನು ಮಾಡಿ. ‘ಒಂದು ಶಾಲೆಗೆ ಆಡಿಸಿ’ ಅಂತ ನಿಮ್ಮ ಪುಟದಲ್ಲಿ ಒಂದು ಜಾಗ ಇಡಿ. ಐದು ಸಾವಿರ ಕೊಟ್ಟವರ ಹೆಸರಿನಲ್ಲಿ ಒಂದು ಸರಕಾರಿ ಶಾಲೆಯ ಕಂಪ್ಯೂಟರ್ ಕೋಣೆಗೆ ಗೇಮ್ ಹೋಗಲಿ. ಕೀ, ಲಾಗಿನ್ ರಗಳೆ ಇಲ್ಲದ ಪ್ರತಿ ಕೊಡಿ, ಅಲ್ಲಿ ಇಂಟರ್‌ನೆಟ್ ಇರುತ್ತದೆ ಅನ್ನುವ ಭರವಸೆ ಇಲ್ಲ. ಗಲ್ಫ್‌ನಲ್ಲಿರುವ ನಮ್ಮವರು ತಾವು ಕಲಿತ ಶಾಲೆಯ ಹೆಸರು ಹೇಳಿ ಕಳಿಸುತ್ತಾರೆ, ನೋಡಿ. ಗೇಮ್ ಶುರುವಾಗುವಾಗ ‘ಈ ಪ್ರತಿ ಇಂಥವರ ಸೇವೆ’ ಅಂತ ಒಂದು ಸಾಲು ಬಂದರೆ ಇನ್ನೂ ಚೆಂದ. ಜೊತೆಗೆ ಪುಟದ ಕೆಳಗೆ ಒಂದು ಮಾತು: ಕೊಳ್ಳಲು ಆಗದಿದ್ದರೆ ನಮಗೆ ಒಂದು ಮೇಲ್ ಹಾಕಿ, ಕಾರಣ ಹೇಳಬೇಕಾಗಿಲ್ಲ. ನಾನು ಐದಾರು ವರ್ಷದಿಂದ ಹೀಗೆ ಬರೆಯುತ್ತಿದ್ದೇನೆ. ಕೇಳುವವರು ಕಡಿಮೆ. ಕೇಳಿದವರು ಪೂರ್ತಿ ಆಡಿ, ತಪ್ಪು ಹುಡುಕಿ ಪತ್ರ ಬರೆಯುತ್ತಾರೆ. ಆ ಹಿಂದೆ ಸರಿಯುವ ಹುಡುಗನ ಬಾಗಿಲು ಇದು.

ಇನ್ನು ಇಷ್ಟ ಬಂದಷ್ಟು ಅನ್ನುವುದನ್ನು ಎಲ್ಲಿ ಇಡಬೇಕು? ಸ್ಟೀಮ್‌ನಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಅಲ್ಲಿ ಒಂದೋ ಬೆಲೆ ಇಡಬೇಕು, ಇಲ್ಲವೇ ಪುಕ್ಕಟೆ ಕೊಡಬೇಕು. ಇಚ್ ಡಾಟ್ ಐಓ ತಾಣ ಇಂಥದ್ದಕ್ಕೆಂದೇ ಹೇಳಿಮಾಡಿಸಿದ ಹಾಗಿದೆ. 2013ರಲ್ಲಿ ಶುರುವಾದದ್ದು. ಅಲ್ಲಿ ಕನಿಷ್ಠ ಬೆಲೆ ನೀವೇ ಇಡಬಹುದು, ಸೊನ್ನೆಯೂ ಆಗಬಹುದು. ಅದಕ್ಕಿಂತ ಜಾಸ್ತಿ ಕೊಡುವವರು ಕೊಡಬಹುದು. ತಾಣದ ಪಾಲನ್ನೂ ಮಾರುವವರೇ ಆರಿಸುತ್ತಾರೆ, ಏನೂ ಬದಲಿಸದಿದ್ದರೆ ಹತ್ತು ಶೇಕಡಾ. ಅಲ್ಲಿ ನಿಮ್ಮ ಗೇಮ್‌ಗೆ ಕನಿಷ್ಠ ಅಂತ ಸ್ಟೀಮ್‌ನಷ್ಟೇ ಬೆಲೆ ಇಟ್ಟು, ‘ಮನಸ್ಸಿದ್ದರೆ ಜಾಸ್ತಿ ಕೊಡಿ’ ಅಂತ ಬರೆಯಿರಿ. ಸೊನ್ನೆಯಿಂದ ಶುರು ಮಾಡುವುದಾದರೆ ಹಾಡುಗಳನ್ನು, ಚಿತ್ರಗಳನ್ನು, ಮೊದಲು ಮಾಡಿದ ಕಚ್ಚಾ ಆಟವನ್ನು ಹಾಗೆ ಇಡಿ. ಒಂದು ವರ್ಷ ತುಂಬಿದ ವಾರ ಗೇಮ್‌ಗೂ ಬಾಗಿಲು ತೆರೆಯಿರಿ, ಆದರೆ ಕೆಳಗೆ ಐವತ್ತೋ ನೂರೋ ಒಂದು ಮೆಟ್ಟಿಲು ಇರಲಿ, ಪಕ್ಕದಲ್ಲಿ 499 ಕಾಣುತ್ತಿರಲಿ. ಅರ್ಧ ಹಣ ಕಡಲಿಗೆ ಹೋಗಿ ಬಾರದವರ ಕುಟುಂಬಗಳಿಗೆ ಅಂತ ಹೇಳುವುದಾದರೆ, ಮೊದಲು ಯಾವ ಸಂಸ್ಥೆಗೆ ಅಂತ ಗೊತ್ತು ಮಾಡಿಕೊಳ್ಳಿ. ಕೊಟ್ಟ ರಶೀದಿಯನ್ನು ಅದೇ ಪುಟದಲ್ಲಿ ಹಾಕಿ. ನಿಮಗೆ ಬರುವ ಪಾಲನ್ನು ‘ಡೊನೇಷನ್’ ಅಂತ ಎಲ್ಲೂ ಬರೆಯಬೇಡಿ. ಅದು ನಿಮ್ಮ ವ್ಯಾಪಾರದ ಆದಾಯ, ತೆರಿಗೆ ಲೆಕ್ಕಕ್ಕೆ ಬರುವಂಥದ್ದು. ಒಬ್ಬ ಸಿಎ ಹತ್ತಿರ ಒಂದು ಗಂಟೆ ಕೂತುಕೊಳ್ಳಿ.

ನಾಲ್ಕೈದು ಗಂಟೆಯ ಆಟಕ್ಕೆ 499 ಜಾಸ್ತಿ ಆಯಿತಾ ಅಂತ ನಿಮಗೇ ಅನುಮಾನ ಇರಬಹುದು. ಕನ್ನಡದ ಒತ್ತಕ್ಷರ ಗೇಮ್ ಒಳಗೆ ಸರಿಯಾಗಿ ಕೂರಿಸುವುದಕ್ಕೇ ಎಷ್ಟು ರಾತ್ರಿ ಹೋಗುತ್ತದೆ ಅಂತ ನನಗೆ ಗೊತ್ತು. ಆ ರಾತ್ರಿಗಳ ಬೆಲೆಯನ್ನು ಕೇಳಲು ನಾಚಿಕೆ ಪಡಬೇಡಿ. ಮೊದಲ ಅರ್ಧ ಗಂಟೆಯನ್ನು ಡೆಮೋ ಮಾಡಿ ಪುಕ್ಕಟೆ ಕೊಡಿ. ಬೋಟ್ ಅಳಿವೆ ದಾಟಿ ಕಡಲು ಕಾಣುವಲ್ಲಿ ನಿಲ್ಲಿಸಿ. ಬೆಲೆ ಅಲ್ಲಿ ಹೇಳಿ. ಪಂಪಿನಲ್ಲಿ ನೀರು ಬಂದದ್ದು ಕಂಡ ಮೇಲೆ ದುಡ್ಡು ಕೇಳಿದ ಹಾಗೆ.

ಒಂದು ಎಚ್ಚರಿಕೆ ಉಳಿದಿದೆ. ಮುಂದೆ ಇದನ್ನೇ ಮೊಬೈಲ್‌ಗೆ ತರುವ ಯೋಚನೆ ಇದ್ದರೆ, ಗೂಗಲ್ ಪ್ಲೇನಲ್ಲಿ ‘ಸದ್ಯಕ್ಕೆ ಪುಕ್ಕಟೆ ಇಡೋಣ, ಆಮೇಲೆ ನೋಡೋಣ’ ಅಂತ ಸುಮ್ನೆ ಒತ್ತಿಬಿಡಬೇಡಿ. ಅಲ್ಲಿ ಒಮ್ಮೆ ಪುಕ್ಕಟೆ ಕೊಟ್ಟ ಆ್ಯಪ್‌ಗೆ ಮತ್ತೆ ಬೆಲೆ ಇಡಲು ಬಿಡುವುದಿಲ್ಲ. ಬೇರೆಯೇ ಆ್ಯಪ್ ಆಗಿ, ಸೊನ್ನೆ ಡೌನ್‌ಲೋಡ್‌ನಿಂದ, ಹೊಸದಾಗಿ ಶುರು ಮಾಡಬೇಕಾಗುತ್ತದೆ. ಬೆಲೆಯ ಗುಂಡಿ ಒತ್ತುವ ದಿನ ಮೂವರೂ ಒಟ್ಟಿಗೆ ಕೂತಿರಿ, ಆ ಮೂರನೆಯ ಗೆಳೆಯನೂ ಅವತ್ತು ಒಂದೇ ಕಡೆ ಹೌದು ಅನ್ನಲಿ.